ಕೊಂಡ ಮನೆ ಈ ತಿಂಗಳು, ಮಾರಿದ ಮನೆಯ ಹಣ ಮುಂದಿನ ತಿಂಗಳು: ಟೊರಾಂಟೊ ಸುತ್ತಲಿನವರಿಗೆ ಬ್ರಿಜ್ ಲೋನ್ ಕೈಪಿಡಿ

ಬ್ರಾಂಪ್ಟನ್‌ನ ಟೌನ್‌ಹೌಸ್ ಮಾರಿ ಮಿಲ್ಟನ್‌ನಲ್ಲಿ ದೊಡ್ಡ ಮನೆ ಕೊಳ್ಳುವವರಿಗೂ, ಸ್ಕಾರ್‌ಬರೋದ ಕಾಂಡೊ ಬಿಟ್ಟು ಏಜಾಕ್ಸ್ ಕಡೆ ಹೊರಟವರಿಗೂ ಎದುರಾಗುವ ತೊಡಕು ಒಂದೇ. ಹೊಸ ಮನೆಯ ಕ್ಲೋಸಿಂಗ್ ಜೂನ್ ಮೊದಲ ವಾರದಲ್ಲಿ, ಹಳೆ ಮನೆಯದು ಜುಲೈ ಮೂರನೇ ವಾರದಲ್ಲಿ. ಡೌನ್ ಪೇಮೆಂಟ್‌ಗೆ ಬೇಕಾದ ಹಣವೆಲ್ಲ ಹಳೆ ಮನೆಯೊಳಗೇ ಕೂತಿದೆ. ಅದು ಕೈಗೆ ಬರುವ ಮುಂಚೆಯೇ ಹೊಸ ಮನೆಗೆ ಕಟ್ಟಬೇಕು.

ಎರಡೂ ಒಂದೇ ದಿನ ಆಗಲಿ ಎಂದು ಹೊಂದಿಸಿಕೊಂಡವರಿಗೂ ಸುಖವಿಲ್ಲ. ಬೆಳಿಗ್ಗೆ ಹಳೆ ಮನೆ ಖಾಲಿ ಮಾಡಿ ಟ್ರಕ್ಕಿಗೆ ಸಾಮಾನು ತುಂಬಿ, ಹೊಸ ಮನೆಯ ಕೀಲಿಗಾಗಿ ಸಂಜೆಯವರೆಗೆ ಕಾಯಬೇಕು. ನಮ್ಮವರಿಗೆ ಇನ್ನೂ ಒಂದು ಲೆಕ್ಕವಿದೆ. ಜೂನ್ ಕೊನೆಗೆ ಮಕ್ಕಳ ಶಾಲೆ ಮುಗಿಯುವ ಹೊತ್ತಿಗೆ ಆಷಾಢ ಹತ್ತಿರವಾಗಿರುತ್ತದೆ ಅಥವಾ ಬಂದೇ ಬಿಟ್ಟಿರುತ್ತದೆ. ಆಷಾಢ ಕೂಡುವ ಮೊದಲೇ ಹಾಲುಕ್ಕಿಸಬೇಕೆಂದರೆ ಹೊಸ ಮನೆಯ ಕೀಲಿ ಮೊದಲೇ ಸಿಗಬೇಕು. ಬಣ್ಣ, ನೆಲದ ಕೆಲಸ ಇದ್ದರಂತೂ ಎರಡು ಮನೆಗಳೂ ಕೆಲವು ವಾರ ಕೈಯಲ್ಲಿರುವುದೇ ಅನುಕೂಲ.

ಆ ಕೆಲವು ವಾರಗಳಿಗಾಗಿ ಇರುವ ಸಾಲವೇ ಬ್ರಿಜ್ ಲೋನ್. ಸರಿಯಾಗಿ ಬಳಸಿದರೆ ಇದು ಅಗ್ಗದ, ನೆಮ್ಮದಿಯ ಸೌಲಭ್ಯ. ತಪ್ಪಾದ ಜಾಗದಲ್ಲಿ ಬಳಸಿದರೆ ಮನೆಯನ್ನೇ ಕಳೆಯಬಲ್ಲದು. ಎರಡಕ್ಕೂ ನಡುವಿನ ವ್ಯತ್ಯಾಸ ಒಂದೇ ಪ್ರಶ್ನೆಯಲ್ಲಿದೆ: ಸಾಲ ತೀರಿಸುವ ಹಣ ಯಾವ ತಾರೀಖಿಗೆ ಬರುತ್ತದೆ ಎಂಬುದು ಕಾಗದದ ಮೇಲೆ ಇದೆಯೇ, ಅಥವಾ ನಿಮ್ಮ ಮನಸ್ಸಿನಲ್ಲಿ ಮಾತ್ರ ಇದೆಯೇ?

ಈಗ ಏಕೆ ಎಚ್ಚರ ಬೇಕು

ಹಳೆ ಮನೆ ಹೇಗೂ ಮಾರಾಟವಾಗುತ್ತದೆ ಎಂಬ ಧೈರ್ಯ ಟೊರಾಂಟೊ ಪ್ರದೇಶದಲ್ಲಿ ಇತ್ತೀಚೆಗೆ ಎರಡು ಸಲ ಕೈಕೊಟ್ಟಿದೆ. 2017ರ ಏಪ್ರಿಲ್‌ನಲ್ಲಿ ಆಂಟೇರಿಯೊ ಸರ್ಕಾರ ವಿದೇಶಿ ಖರೀದಿದಾರರ ಮೇಲೆ 15% ತೆರಿಗೆ ಹೇರಿದ ಮೇಲೆ ಮಾರುಕಟ್ಟೆ ದಿಢೀರನೆ ತಣ್ಣಗಾಯಿತು. 2022ರದು ಇನ್ನೂ ದೊಡ್ಡ ಪೆಟ್ಟು. ಆ ವರ್ಷ ಫೆಬ್ರವರಿಯಲ್ಲಿ ಮನೆಗಳ ಸರಾಸರಿ ಬೆಲೆ ಸುಮಾರು 13.34 ಲಕ್ಷ ಡಾಲರ್ ಇತ್ತು. ಡಿಸೆಂಬರ್ ಹೊತ್ತಿಗೆ ಅದು 10.5 ಲಕ್ಷದ ಆಸುಪಾಸಿಗೆ ಇಳಿಯಿತು. ಬ್ಯಾಂಕ್ ಆಫ್ ಕೆನಡಾದ ಬಡ್ಡಿದರ 0.25%ರಿಂದ ಏರುತ್ತ 2023ರ ಜುಲೈನಲ್ಲಿ 5% ಮುಟ್ಟಿತು. ಮೊದಲು ಕೊಂಡು ಆಮೇಲೆ ಮಾರೋಣ ಎಂದುಕೊಂಡವರು ಎರಡು ಸಲವೂ ಸಿಕ್ಕಿಬಿದ್ದರು. 2025ರ ಅಕ್ಟೋಬರ್‌ನಲ್ಲಿ ದರ 2.25%ಕ್ಕೆ ಇಳಿದರೂ, ಪಟ್ಟಿಗೆ ಹಾಕಿದ ಮನೆ ವಾರದೊಳಗೆ ಹೋಗುತ್ತಿದ್ದ ಕಾಲ ಮರಳಿಲ್ಲ.

ಬ್ಯಾಂಕು ಏಕೆ ಸಾಲ ಕೊಡುತ್ತದೆ

ಬ್ಯಾಂಕಿನ ಬ್ರಿಜ್ ಲೋನ್‌ಗೆ ಆಧಾರ ಎರಡು ಕಾಗದ. ಒಂದು, ನಿಮ್ಮ ಹಳೆ ಮನೆ ಮಾರಾಟದ ಒಪ್ಪಂದ. ಇನ್ನೊಂದು, ಹೊಸ ಮನೆಯ ಖರೀದಿ ಒಪ್ಪಂದ. ಮಾರಾಟದ ಒಪ್ಪಂದ ಫರ್ಮ್ ಆಗಿರಬೇಕು. ಅಂದರೆ ಸಾಲ ಸಿಕ್ಕರೆ, ಇನ್‌ಸ್ಪೆಕ್ಷನ್ ಸರಿ ಬಂದರೆ, ಕೊಳ್ಳುವವರ ಮನೆ ಮಾರಿದರೆ ಎಂಬ ಷರತ್ತುಗಳೆಲ್ಲ ಮುಗಿದಿರಬೇಕು. ಆಗ ಇಂಥ ದಿನ ಇಷ್ಟು ಹಣ ನಿಮ್ಮ ಲಾಯರ್ ಖಾತೆಗೆ ಬರುತ್ತದೆ ಎಂಬುದು ಬ್ಯಾಂಕಿಗೆ ಬಹುಮಟ್ಟಿಗೆ ಖಚಿತ. ಆ ಹಣದಲ್ಲಿ ಬ್ಯಾಂಕಿನ ಬಾಕಿ ಮೊದಲು ತೀರಿಸುವಂತೆ, ಹಿಂತೆಗೆದುಕೊಳ್ಳಲು ಬಾರದ ನಿರ್ದೇಶನ ಪತ್ರಕ್ಕೆ ನೀವು ಸಹಿ ಹಾಕುತ್ತೀರಿ. ಲಾಯರ್ ಅದಕ್ಕೆ ಜವಾಬ್ದಾರರು. ಹೀಗಾಗಿಯೇ ಸಾಮಾನ್ಯ ಮೊತ್ತದ, ಕಡಿಮೆ ಅವಧಿಯ ಸಾಲಕ್ಕೆ ಮನೆಯ ಮೇಲೆ ಬೇರೆ ಅಡಮಾನ ನೋಂದಾಯಿಸುವ ಗೋಜಿಗೆ ಬ್ಯಾಂಕು ಹೆಚ್ಚಾಗಿ ಹೋಗುವುದಿಲ್ಲ. ಮೊತ್ತ ದೊಡ್ಡದಾದರೆ, ಅವಧಿ ಉದ್ದವಾದರೆ ನೋಂದಾಯಿಸುತ್ತದೆ.

ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ 90ರಿಂದ 120 ದಿನಗಳವರೆಗೆ ಈ ಸಾಲ ಕೊಡುತ್ತವೆ. ಬಡ್ಡಿ ಪ್ರೈಮ್ ದರಕ್ಕಿಂತ 2ರಿಂದ 4 ಅಂಶ ಹೆಚ್ಚು, ಜೊತೆಗೆ ಕೆಲವು ನೂರು ಡಾಲರ್ ಶುಲ್ಕ. 2025ರ ಕೊನೆಗೆ ಪ್ರೈಮ್ 4.45% ಇತ್ತು. ತಿಂಗಳ ಕಂತು ಇರುವುದಿಲ್ಲ. ಹೆಚ್ಚಾಗಿ ಹಳೆ ಮನೆಯ ಹಣ ಬಂದ ದಿನ ಅಸಲು ಬಡ್ಡಿ ಎರಡೂ ಒಟ್ಟಿಗೆ ತೀರುತ್ತವೆ. ಹೊಸ ಮಾರ್ಟ್‌ಗೇಜ್ ಯಾರ ಬಳಿ ತೆಗೆಯುತ್ತೀರೋ ಅವರೇ ಬ್ರಿಜ್ ಲೋನ್ ಕೊಡುವುದು ರೂಢಿ. ಎಲ್ಲ ಸಾಲದಾತರಲ್ಲೂ ಈ ಸೌಲಭ್ಯ ಇಲ್ಲ. ಕಾಲು ಅಂಶ ಕಡಿಮೆ ಬಡ್ಡಿಯ ಮಾರ್ಟ್‌ಗೇಜ್ ಆರಿಸಿ, ಅವರಲ್ಲಿ ಬ್ರಿಜ್ ಇಲ್ಲವೆಂದು ಕೊನೆಗೆ ಗೊತ್ತಾಗುವವರು ಬೇಕಾದಷ್ಟು ಮಂದಿ.

ಲೆಕ್ಕ ಹಾಕುವ ಬಗೆ

ಒಂದು ಊಹೆಯ ಕುಟುಂಬ ತೆಗೆದುಕೊಳ್ಳೋಣ. ಬ್ರಾಂಪ್ಟನ್ ಮನೆ 8,50,000 ಡಾಲರ್‌ಗೆ ಮಾರಾಟ. ಮಿಲ್ಟನ್ ಮನೆ 11,50,000ಕ್ಕೆ ಖರೀದಿ. ನಡುವೆ 45 ದಿನಗಳ ಅಂತರ.

ಹಳೆ ಮನೆಯಿಂದ ನಿಜವಾಗಿ ಕೈಗೆ ಬರುವುದು:

- ಮಾರಾಟ ಬೆಲೆ: 8,50,000
- ಬಾಕಿ ಮಾರ್ಟ್‌ಗೇಜ್: 4,20,000
- ರಿಯಲ್ಟರ್ ಕಮಿಷನ್ 5%, ಅದರ ಮೇಲೆ 13% ಎಚ್‌ಎಸ್‌ಟಿ: 48,025
- ಮಾರ್ಟ್‌ಗೇಜ್ ಅವಧಿಗೆ ಮುನ್ನ ಮುರಿಯುವ ದಂಡ: 5,000 ಎಂದಿಟ್ಟುಕೊಳ್ಳಿ
- ಲಾಯರ್ ಮತ್ತಿತರ ಖರ್ಚು: 2,500
- ಉಳಿಯುವುದು: 3,74,475

ಹೊಸ ಮನೆಗೆ ಬೇಕಾದದ್ದು:

- ಡೌನ್ ಪೇಮೆಂಟ್ 30%: 3,45,000
- ಆಫರ್ ಒಪ್ಪಿದಾಗಲೇ ಕೊಟ್ಟ ಡೆಪಾಸಿಟ್ 5%: 57,500
- ಕ್ಲೋಸಿಂಗ್ ದಿನ ಬೇಕಾದ ಬ್ರಿಜ್ ಹಣ: 2,87,500

7.5% ಬಡ್ಡಿಯಾದರೆ ದಿನಕ್ಕೆ ಸುಮಾರು 59 ಡಾಲರ್. 45 ದಿನಕ್ಕೆ 2,658. ಶುಲ್ಕ 500 ಸೇರಿಸಿದರೆ ಒಟ್ಟು 3,158 ಡಾಲರ್. ಎರಡು ಸಲ ಸಾಮಾನು ಸಾಗಿಸಿ, ನಡುವೆ ಗೋದಾಮು ಬಾಡಿಗೆ, ಹೋಟೆಲ್ ಬಾಡಿಗೆ ಕಟ್ಟುವುದಕ್ಕೆ ಹೋಲಿಸಿದರೆ ಇದು ದುಬಾರಿಯಲ್ಲ. ಮುಹೂರ್ತಕ್ಕಾಗಿ ಹತ್ತು ದಿನ ಮುಂಚೆ ಕೀಲಿ ಬೇಕೆಂದರೆ 590 ಡಾಲರ್ ಹೆಚ್ಚು. ಅದಕ್ಕೆ ಅದು ತಕ್ಕದ್ದೇ ಎಂದು ಈಗ ಮನೆಯವರೆಲ್ಲ ಕೂತು ನಿರ್ಧರಿಸಬಹುದು. ಇದರ ಜೊತೆ ಆ 45 ದಿನ ಎರಡು ಮನೆಗಳ ಮಾರ್ಟ್‌ಗೇಜ್ ಕಂತು, ಆಸ್ತಿ ತೆರಿಗೆ, ಗ್ಯಾಸು, ಕರೆಂಟು ನಿಮ್ಮದೇ ಎಂಬುದನ್ನೂ ಬರೆದುಕೊಳ್ಳಿ.

ಈ ಲೆಕ್ಕದಲ್ಲಿ ಸೇರದ ಇನ್ನೊಂದು ದೊಡ್ಡ ಮೊತ್ತ ಲ್ಯಾಂಡ್ ಟ್ರಾನ್ಸ್‌ಫರ್ ತೆರಿಗೆ. 11,50,000ದ ಮನೆಗೆ ಪ್ರಾಂತ್ಯದ ತೆರಿಗೆ 19,475 ಡಾಲರ್. ಮಿಲ್ಟನ್, ಮಿಸಿಸಾಗಾ, ಮಾರ್ಕಮ್‌ಗಳಲ್ಲಿ ಅಷ್ಟಕ್ಕೇ ಮುಗಿಯಿತು. ಟೊರಾಂಟೊ ನಗರದ ಗಡಿಯೊಳಗಾದರೆ 2008ರಿಂದ ನಗರದ್ದೂ ಪ್ರತ್ಯೇಕ ತೆರಿಗೆ ಇದೆ, ಹೆಚ್ಚುಕಡಿಮೆ ಇಷ್ಟೇ ಮತ್ತೊಮ್ಮೆ. ಮೊದಲ ಮನೆ ಕೊಳ್ಳುವವರಿಗೆ ಸಿಗುವ ರಿಯಾಯಿತಿ ಎರಡನೆಯ ಮನೆಗೆ ಹೊರಟ ನಿಮಗೆ ಇಲ್ಲ. ಈ ಹಣ ಉಳಿತಾಯದಿಂದಲೇ ಬರಬೇಕು.

ಹಂತ ಹಂತವಾಗಿ

1. ಆಫರ್ ಹಾಕುವ ಮೊದಲೇ ಬ್ಯಾಂಕನ್ನು ಕೇಳಿ. ಬ್ರಿಜ್ ಕೊಡುತ್ತೀರಾ, ಗರಿಷ್ಠ ಎಷ್ಟು ದಿನ, ಎಷ್ಟು ಮೊತ್ತದವರೆಗೆ, ಮನೆಯ ಮೇಲೆ ನೋಂದಾಯಿಸುತ್ತೀರಾ? ನಾಲ್ಕಕ್ಕೂ ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ.

2. ಆದಷ್ಟೂ ಮೊದಲು ಮಾರಿ, ಆಮೇಲೆ ಕೊಳ್ಳಿ. ಮೊದಲೇ ಕೊಳ್ಳಬೇಕಾಗಿ ಬಂದರೆ, ನನ್ನ ಮನೆ ಮಾರಾಟವಾದರೆ ಮಾತ್ರ ಎಂಬ ಷರತ್ತನ್ನು ಖರೀದಿ ಒಪ್ಪಂದದಲ್ಲಿ ಸೇರಿಸಲು ಕೇಳಿ. ಮಾರುಕಟ್ಟೆ ನಿಧಾನವಾಗಿರುವಾಗ ಮಾರುವವರು ಇದಕ್ಕೆ ಒಪ್ಪುತ್ತಾರೆ. ಆದರೆ ಬೇರೆ ಆಫರ್ ಬಂದರೆ ಇಷ್ಟು ಗಂಟೆಯೊಳಗೆ ಷರತ್ತು ಬಿಡಬೇಕು ಎಂಬ ಸಾಲನ್ನು ಅವರೂ ಸೇರಿಸುವುದುಂಟು. ಅದನ್ನು ಓದಿಯೇ ಸಹಿ ಹಾಕಿ.

3. ಡೆಪಾಸಿಟ್ ಹಣ ಬೇರೆಯಾಗಿ ಇಟ್ಟುಕೊಳ್ಳಿ. ಬ್ರಿಜ್ ಹಣ ಬರುವುದು ಕ್ಲೋಸಿಂಗ್ ದಿನ. ಡೆಪಾಸಿಟ್ ಕೊಡಬೇಕಾದದ್ದು ಆಫರ್ ಒಪ್ಪಿದ 24 ಗಂಟೆಯೊಳಗೆ. ಇದಕ್ಕೆ ಬ್ರಿಜ್ ಲೋನ್ ಉಪಯೋಗಕ್ಕೆ ಬಾರದು. ಟಿಎಫ್‌ಎಸ್‌ಎ ಉಳಿತಾಯ ಅಥವಾ ಹಳೆ ಮನೆಯ ಮೇಲಿನ ಹೋಮ್ ಇಕ್ವಿಟಿ ಲೈನ್ ಆಫ್ ಕ್ರೆಡಿಟ್, ಅಂದರೆ ಹೆಲಾಕ್, ಇಲ್ಲಿ ನೆರವಾಗುತ್ತವೆ. ಟಿಎಫ್‌ಎಸ್‌ಎಯಿಂದ ತೆಗೆದದ್ದಕ್ಕೆ ತೆರಿಗೆಯಿಲ್ಲ. ತೆಗೆದಷ್ಟು ಜಾಗ ಮುಂದಿನ ಜನವರಿ 1ಕ್ಕೆ ಮತ್ತೆ ಸಿಗುತ್ತದೆ.

4. ಹೆಲಾಕ್ ಬೇಕಿದ್ದರೆ ಮನೆಯನ್ನು ಪಟ್ಟಿಗೆ ಹಾಕುವ ಮುನ್ನ ಮಾಡಿಸಿ. ಮಾರಾಟಕ್ಕಿಟ್ಟ ಮನೆಯ ಮೇಲೆ ಬ್ಯಾಂಕುಗಳು ಹೊಸ ಹೆಲಾಕ್ ಕೊಡುವುದು ತೀರ ಅಪರೂಪ.

5. ಹಳೆ ಮಾರ್ಟ್‌ಗೇಜಿನ ದಂಡ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಫಿಕ್ಸೆಡ್ ದರದ ಸಾಲದಲ್ಲಿ ಮೂರು ತಿಂಗಳ ಬಡ್ಡಿ ಅಥವಾ ಬಡ್ಡಿದರದ ವ್ಯತ್ಯಾಸ, ಎರಡರಲ್ಲಿ ಹೆಚ್ಚಿನದನ್ನು ಹಾಕುವುದು ರೂಢಿ. ಕೆಲವು ಸಲ ಅದು ಐದಂಕಿಗೆ ಹೋಗುತ್ತದೆ. ಅದೇ ಬ್ಯಾಂಕಿನಲ್ಲಿ ಮುಂದುವರಿಯುವುದಾದರೆ ಹಳೆಯ ಮಾರ್ಟ್‌ಗೇಜನ್ನು ಹೊಸ ಮನೆಗೆ ಪೋರ್ಟ್ ಮಾಡಲು ಬರುತ್ತದೆಯೇ ಎಂದೂ ವಿಚಾರಿಸಿ.

6. ಎರಡೂ ವ್ಯವಹಾರಕ್ಕೆ ಒಬ್ಬರೇ ಲಾಯರ್ ಇರಲಿ. ಬರುವ ಹಣ, ಹೋಗುವ ಹಣ ಎರಡೂ ಒಂದೇ ಟ್ರಸ್ಟ್ ಖಾತೆಯಲ್ಲಿದ್ದರೆ ಗೊಂದಲ ಕಡಿಮೆ. ಹಳೆ ಮನೆಯ ಟೈಟಲ್ ದಾಖಲೆಯನ್ನು ಮೊದಲೇ ತೆಗೆಸಿ ನೋಡಲು ಹೇಳಿ. ಹಿಂದೆ ಫರ್ನೇಸ್, ವಾಟರ್ ಹೀಟರ್ ಬಾಡಿಗೆಗೆ ಸಹಿ ಹಾಕಿದವರ ಮನೆಯ ಮೇಲೆ ನೋಸಿ ಎಂಬ ನೋಟಿಸು ನೋಂದಾಯಿತವಾಗಿ, ಕ್ಲೋಸಿಂಗ್ ದಿನವೇ ಬೆಳಕಿಗೆ ಬಂದದ್ದುಂಟು. ಗ್ರಾಹಕರ ಮನೆಗಳ ಮೇಲೆ ಇಂಥ ನೋಟಿಸು ಹಾಕುವುದನ್ನು ಆಂಟೇರಿಯೊ 2024ರ ಜೂನ್ 6ರಂದು ನಿಷೇಧಿಸಿತು. ಹಳೆಯದೇನಾದರೂ ಉಳಿದಿದ್ದರೆ ಲಾಯರ್ ಮೂಲಕ ಮೊದಲೇ ತೆಗೆಸಿ.

7. ಕಾಗದಪತ್ರ ಒಂದೇ ಕಡೆ ಜೋಡಿಸಿ. ಎರಡೂ ಒಪ್ಪಂದಗಳು, ಷರತ್ತು ತೀರಿದ ಪತ್ರಗಳು, ಹಳೆ ಮಾರ್ಟ್‌ಗೇಜಿನ ಬಾಕಿ ಪತ್ರ, ಡೆಪಾಸಿಟ್ ರಸೀದಿ, ಲಾಯರ್ ವಿವರ. ಮಾರಾಟ ಫರ್ಮ್ ಆದ ದಿನವೇ ಬ್ಯಾಂಕಿಗೆ ಕಳುಹಿಸಿ.

8. ಶುಕ್ರವಾರ, ತಿಂಗಳ ಕೊನೆಯ ದಿನ, ಲಾಂಗ್ ವೀಕೆಂಡ್ ಹಿಂದಿನ ದಿನ ಕ್ಲೋಸಿಂಗ್ ಇಡಬೇಡಿ. ಹಣ ಒಂದು ದಿನ ತಡವಾದರೆ ವಾರಾಂತ್ಯವಿಡೀ ಸಾಮಾನು ಟ್ರಕ್ಕಿನಲ್ಲೇ.

9. ಖಾಲಿ ಮನೆಯ ವಿಮೆ ವಿಚಾರಿಸಿ. ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ಹಲವು ಪಾಲಿಸಿಗಳಲ್ಲಿ ರಕ್ಷಣೆ ಮೊಟಕಾಗುತ್ತದೆ. ವಿಮಾ ಕಂಪನಿಗೆ ಮೊದಲೇ ತಿಳಿಸಿ. ಚಳಿಗಾಲವಾದರೆ ಹೀಟಿಂಗ್ ಆರಿಸಬೇಡಿ. ಪೈಪು ಒಡೆದರೆ ಮಾರಾಟವೇ ನಿಂತೀತು.

10. ಕೊಂಡವರು ಕೈಕೊಟ್ಟರೆ ಏನು ಎಂದು ಒಮ್ಮೆ ಲೆಕ್ಕ ಹಾಕಿ. ಮೇಲಿನ ಉದಾಹರಣೆಯಲ್ಲಿ ಮೊದಲ ಖರೀದಿದಾರರು ಹಿಂದೆ ಸರಿದು, ಮನೆಯನ್ನು 7,50,000ಕ್ಕೆ ಮತ್ತೆ ಮಾರಬೇಕಾಯಿತು ಎನ್ನಿ. ಖರ್ಚು ಕಳೆದು ಉಳಿಯುವುದು 2,80,125. ಬ್ರಿಜ್ ಸಾಲದ ಅಸಲಿಗೇ 7,375 ಡಾಲರ್ ಕೊರತೆ. ಅವರ ಡೆಪಾಸಿಟ್ ನಿಮಗೆ ಸಿಗಬಹುದು. ಆದರೆ ಎರಡೂ ಕಡೆಯವರು ಒಪ್ಪುವವರೆಗೆ ಅಥವಾ ನ್ಯಾಯಾಲಯ ಹೇಳುವವರೆಗೆ ಅದು ಟ್ರಸ್ಟ್ ಖಾತೆ ಬಿಟ್ಟು ಕದಲದು. ಆದ್ದರಿಂದ ಸಣ್ಣ ಡೆಪಾಸಿಟ್ ಕೊಡುವ ಖರೀದಿದಾರರಿಗಿಂತ ದೊಡ್ಡ ಡೆಪಾಸಿಟ್ ಕೊಡುವವರು, ಬೆಲೆ ತುಸು ಕಡಿಮೆಯಾದರೂ ಮೇಲು.

ಮಾರಾಟ ಫರ್ಮ್ ಆಗಿಲ್ಲದಿದ್ದರೆ

ಬ್ಯಾಂಕು ಇಲ್ಲ ಎನ್ನುವುದು ಇಲ್ಲೇ. ಆಗ ಕಣ್ಣಿಗೆ ಬೀಳುವುದು ಖಾಸಗಿ ಸಾಲದಾತರು. ಎರಡು ದಿನದಲ್ಲಿ ಹಣ ಎಂಬ ಜಾಹೀರಾತು ಸುಳ್ಳಲ್ಲ. ಆದರೆ ಬೆಲೆಯನ್ನು ಬಡ್ಡಿದರದಿಂದ ಅಳೆಯಬೇಡಿ. ಅದೇ 2,87,500 ಡಾಲರ್ 12% ಬಡ್ಡಿಗೆ ಸಿಕ್ಕಿತು ಎನ್ನಿ. ಕನಿಷ್ಠ ಮೂರು ತಿಂಗಳ ಬಡ್ಡಿ ಕೊಡಲೇಬೇಕೆಂಬ ಷರತ್ತು ಇಂಥ ಸಾಲಗಳಲ್ಲಿ ಸಾಮಾನ್ಯ. ನೀವು 45 ದಿನದಲ್ಲಿ ತೀರಿಸಿದರೂ ಬಡ್ಡಿ 8,625. ಸಾಲದಾತರಿಗೆ 2%, ಬ್ರೋಕರ್‌ಗೆ 1% ಶುಲ್ಕವಾದರೆ ಇನ್ನೂ 8,625. ಎರಡೂ ಕಡೆಯ ಲಾಯರ್ ಖರ್ಚು ನಿಮ್ಮದೇ. ಅದು 3,000 ಎಂದಿಟ್ಟುಕೊಂಡರೆ ಒಟ್ಟು 20,250. ಬ್ಯಾಂಕಿನಲ್ಲಿ 3,158 ಆಗುತ್ತಿದ್ದ ಕೆಲಸ.

ಸಾಲದ ಅವಧಿ ಚಿಕ್ಕದಾದಷ್ಟೂ ಶುಲ್ಕದ ಭಾರ ಹೆಚ್ಚು. ಅದಕ್ಕೇ 12% ಎಂದು ಹೇಳಿಕೊಂಡ ಸಾಲ, ಮೂರು ತಿಂಗಳ ಮಟ್ಟಿಗೆ, ಶುಲ್ಕ ಸೇರಿ ವರ್ಷಕ್ಕೆ 24% ಆಗುತ್ತದೆ. ಕೆನಡಾದ ಕ್ರಿಮಿನಲ್ ಕೋಡ್ ಪ್ರಕಾರ 2025ರ ಜನವರಿ 1ರಿಂದ ವ್ಯಕ್ತಿಗಳಿಗೆ ಕೊಡುವ ಇಂಥ ಸಾಲದ ಗರಿಷ್ಠ ಮಿತಿ ವರ್ಷಕ್ಕೆ 35%. ಸಾಲಕ್ಕಾಗಿ ಕಟ್ಟಿಸಿಕೊಳ್ಳುವ ಶುಲ್ಕಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಹಾಗೆಂದು 34% ನ್ಯಾಯವಾದ ದರ ಎಂದಲ್ಲ.

ಖಾಸಗಿ ಸಾಲವೇ ಗತಿ ಎಂದಾದರೆ ಇಷ್ಟನ್ನು ಬಿಡಬೇಡಿ:

- ಬ್ರೋಕರ್‌ಗೆ ಎಫ್‌ಎಸ್‌ಆರ್‌ಎ, ಅಂದರೆ ಆಂಟೇರಿಯೊದ ಹಣಕಾಸು ಸೇವಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಇರಲೇಬೇಕು. ಅವರ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಿ. 2023ರ ಏಪ್ರಿಲ್‌ನಿಂದ ಏಜೆಂಟರಲ್ಲಿ ಎರಡು ದರ್ಜೆಗಳಿವೆ. ಮೊದಲ ದರ್ಜೆಯವರು ಖಾಸಗಿ ಸಾಲ ಮಾಡಿಸುವಂತಿಲ್ಲ.
- ಸಾಲದ ಪೂರ್ತಿ ಖರ್ಚಿನ ವಿವರ ಪತ್ರವನ್ನು ಸಹಿಗೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಕೈಗೆ ಕೊಡಬೇಕು. ಅದನ್ನು ನಿಮ್ಮದೇ ಲಾಯರ್‌ಗೆ ತೋರಿಸಿ, ಸಾಲದಾತರು ತೋರಿಸಿದ ಲಾಯರ್‌ಗಲ್ಲ.
- ಅವಧಿ ಮುಗಿದಾಗ ನವೀಕರಣ ಶುಲ್ಕ ಎಷ್ಟು, ಬೇಗ ತೀರಿಸಿದರೆ ದಂಡ ಎಷ್ಟು ಎಂಬುದು ಬರಹದಲ್ಲಿರಲಿ.
- ಆಂಟೇರಿಯೊದಲ್ಲಿ ಮನೆ ಮಾರಿ ಸಾಲ ವಸೂಲು ಮಾಡಲು ಸಾಲದಾತರು ಸಾಮಾನ್ಯವಾಗಿ ಕೋರ್ಟಿನ ಮೊಕದ್ದಮೆ ಮುಗಿಯುವವರೆಗೆ ಕಾಯಬೇಕಿಲ್ಲ. ಪವರ್ ಆಫ್ ಸೇಲ್ ಎಂಬ ಅಧಿಕಾರದಡಿ, ಕಂತು ತಪ್ಪಿದ 15 ದಿನಗಳ ನಂತರ ನೋಟಿಸು ಕೊಟ್ಟು, ಅಲ್ಲಿಂದ 35 ದಿನ ಕಳೆದರೆ ಮನೆ ಮಾರಬಹುದು. ಎರಡು ತಿಂಗಳೂ ಬೇಡ.

ಊರಿನ ಸೈಟು ಮಾರಿದ ಹಣ ನಂಬಿ ಕೊಳ್ಳುವವರಿಗೆ

ಮೈಸೂರಿನ ಸೈಟು ಮಾರಿ ಡೌನ್ ಪೇಮೆಂಟ್ ತುಂಬುತ್ತೇನೆ, ಅಲ್ಲಿಯವರೆಗೆ ಬ್ರಿಜ್ ಸಾಕು ಎನ್ನುವವರು ನಮ್ಮಲ್ಲಿ ಬಹಳ. ಇಲ್ಲಿನ ಬ್ಯಾಂಕಿಗೆ ಊರಿನ ಅಗ್ರಿಮೆಂಟ್ ಆಧಾರವಾಗುವುದಿಲ್ಲ. ಇಲ್ಲಿನ ಲಾಯರ್ ಟ್ರಸ್ಟ್ ಖಾತೆಗೆ ಬರುವ ಹಣವಲ್ಲ ಅದು. ತಾರೀಖು ಹೇಳುವುದೂ ಕಷ್ಟ. ಇ-ಖಾತಾ ಸರಿಯಿಲ್ಲದೆ ನೋಂದಣಿ ನಿಲ್ಲುತ್ತದೆ. ಮಾರುವವರು ಎನ್ಆರ್‌ಐ ಆದರೆ ಕೊಳ್ಳುವವರು ದೊಡ್ಡ ಮೊತ್ತದ ಟಿಡಿಎಸ್ ಹಿಡಿದುಕೊಳ್ಳಬೇಕು. ಅದನ್ನು ಕಡಿಮೆ ಮಾಡಿಸುವ ಪ್ರಮಾಣಪತ್ರಕ್ಕೆ ವಾರಗಟ್ಟಲೆ ಬೇಕು. ಎನ್ಆರ್‌ಒ ಖಾತೆಯಿಂದ ಹಣ ತರಿಸಲು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು. ಮಿತಿ ಆರ್ಥಿಕ ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್. ಊರಿನಲ್ಲಿರುವ ತಂದೆತಾಯಿ ಕಳಿಸುವುದಾದರೆ ತಲಾ 2.5 ಲಕ್ಷ ಅಮೆರಿಕನ್ ಡಾಲರ್ ಮಿತಿ, 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ಟಿಸಿಎಸ್. ಅದನ್ನು ಅವರು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಆಮೇಲೆ ಹಿಂಪಡೆಯಬಹುದು. ಆದರೆ ಆ ಹೊತ್ತಿಗೆ ಹಣ ಅವರ ಕೈಬಿಟ್ಟಿರುತ್ತದೆ.

ಆದ್ದರಿಂದ ಊರಿನ ಹಣ ಕೆನಡಾದ ಖಾತೆಗೆ ಬಂದು ಕೂತ ಮೇಲೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಡೌನ್ ಪೇಮೆಂಟ್ ಹಣದ 90 ದಿನಗಳ ಜಾಡು ತೋರಿಸಿ ಎಂದು ಬ್ಯಾಂಕು ಕೇಳುತ್ತದೆ. ಕ್ರಯಪತ್ರ, ತೆರಿಗೆ ಕಟ್ಟಿದ ರಸೀದಿ, ವರ್ಗಾವಣೆಯ ಪತ್ರ ಎಲ್ಲ ಜೋಪಾನವಾಗಿಡಿ. 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣ ಹೊರದೇಶದಿಂದ ಬಂದರೆ ಬ್ಯಾಂಕು ಫಿನ್‌ಟ್ರಾಕ್ ಸಂಸ್ಥೆಗೆ ವರದಿ ಮಾಡುತ್ತದೆ. ಅದು ಮಾಮೂಲು ಕ್ರಮ, ಗಾಬರಿ ಬೇಡ. ಗಾಬರಿಪಟ್ಟು 9,500ರಂತೆ ತುಂಡು ತುಂಡಾಗಿ ತರಿಸಿದರೆ ಮಾತ್ರ ಅನುಮಾನಕ್ಕೆ ದಾರಿ.

ಮನೆಯಲ್ಲದ ತುರ್ತಿಗೆ

ಊರಿನಲ್ಲಿ ಅಪ್ಪನ ಶಸ್ತ್ರಚಿಕಿತ್ಸೆ, ಅಂಗಡಿಯ ಬಾಡಿಗೆ ಬಾಕಿ, ಸಿಆರ್‌ಎ ತೆರಿಗೆ ಬಾಕಿ ಎಂದು ಮನೆಯ ಮೇಲೆ ಅಲ್ಪಾವಧಿಯ ಎರಡನೇ ಅಡಮಾನ ತೆಗೆಯುವವರಿದ್ದಾರೆ. ಇಲ್ಲೂ ಅದೇ ಪ್ರಶ್ನೆ ಕೇಳಿಕೊಳ್ಳಿ. ಮೂರು ತಿಂಗಳಲ್ಲಿ ಬೋನಸ್ ಬರುವುದು ಖಚಿತ, ವಿಮೆಯ ಹಣ ಮಂಜೂರಾಗಿದೆ ಎಂದಾದರೆ ಅಲ್ಪಾವಧಿ ಸಾಲ ಹೊಂದುತ್ತದೆ. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸುವುದಾದರೆ ಅದು ಅಲ್ಪಾವಧಿಯ ಅಗತ್ಯವೇ ಅಲ್ಲ. ಅದಕ್ಕೆ ಹೆಲಾಕ್, ಕ್ರೆಡಿಟ್ ಯೂನಿಯನ್ ಸಾಲ, ಇಲ್ಲವೇ ಮಾರ್ಟ್‌ಗೇಜ್ ಹೊಸದಾಗಿ ಮಾಡಿಸಿ ಹಣ ತೆಗೆಯುವುದು ಸರಿ. ತೆರಿಗೆ ಬಾಕಿಯಾದರೆ ಸಿಆರ್‌ಎಗೇ ಫೋನ್ ಮಾಡಿ ಕಂತಿನ ಏರ್ಪಾಡು ಕೇಳಿ. ಪೇಡೇ ಲೋನ್ ಅಂಗಡಿಯ ಹತ್ತಿರ ಸುಳಿಯಬೇಡಿ. ನೂರಕ್ಕೆ 14 ಡಾಲರ್ ಎಂಬುದು ಸಣ್ಣದಾಗಿ ಕಂಡರೂ, ಎರಡು ವಾರಕ್ಕೊಮ್ಮೆ ತಿರುಗಿಸಿದರೆ ವರ್ಷಕ್ಕೆ 364% ಆಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಪಟ್ಟಿಯ ಬೆಲೆಯನ್ನೇ ಮಾರಾಟದ ಬೆಲೆ ಎಂದುಕೊಳ್ಳುವುದು.* ಪಕ್ಕದ ಮನೆ 2022ರಲ್ಲಿ ಎಷ್ಟಕ್ಕೆ ಹೋಯಿತು ಎಂಬುದು ಇಂದು ನಿಮ್ಮ ಉಪಯೋಗಕ್ಕಿಲ್ಲ. ಕಳೆದ ಎರಡು ಮೂರು ತಿಂಗಳಲ್ಲಿ ಅದೇ ಬೀದಿಯಲ್ಲಿ ಮಾರಾಟವಾದ ಬೆಲೆ ಹಿಡಿಯಿರಿ.

*ಷರತ್ತಿರುವ ಆಫರ್ ಬಂದಾಗಲೇ ಸಂಭ್ರಮಿಸಿ, ಹೊಸ ಮನೆಗೆ ಷರತ್ತಿಲ್ಲದ ಆಫರ್ ಹಾಕುವುದು.* ಕೊಳ್ಳುವವರಿಗೆ ಸಾಲ ಸಿಗದೆ ಅವರು ಹಿಂದೆ ಸರಿದರೆ ನೀವು ಸಿಕ್ಕಿಕೊಂಡಿರಿ. ಹೊಸ ಮನೆ ಕ್ಲೋಸ್ ಮಾಡಲಾಗದಿದ್ದರೆ ಡೆಪಾಸಿಟ್ ಹೋಗುತ್ತದೆ. ಮಾರುವವರು ಬೇರೆಯವರಿಗೆ ಕಡಿಮೆ ಬೆಲೆಗೆ ಮಾರಬೇಕಾಗಿ ಬಂದರೆ ಆ ನಷ್ಟಕ್ಕೂ ನಿಮ್ಮ ಮೇಲೆ ದಾವೆ ಹೂಡಬಹುದು.

*ಗೆಳೆಯರ ಕೈಗಡವನ್ನು ಗಿಫ್ಟ್ ಎಂದು ತೋರಿಸುವುದು.* ಸ್ನೇಹಿತರು ಕೊಟ್ಟ ಹಣ ತೀರಿಸಬೇಕಾದದ್ದಾದರೆ ಅದು ಸಾಲ. ಗಿಫ್ಟ್ ಪತ್ರಕ್ಕೆ ಸಹಿ ಹಾಕಿಸಿದರೆ ಅದು ಮಾರ್ಟ್‌ಗೇಜ್ ವಂಚನೆ. ಆದಾಯದ ಪತ್ರ ನಾವೇ ಮಾಡಿಕೊಡುತ್ತೇವೆ ಎನ್ನುವ ಬ್ರೋಕರ್‌ನಿಂದಲೂ ದೂರವಿರಿ. ಸಹಿ ಅವರದಲ್ಲ, ನಿಮ್ಮದು.

*ಪರಿಚಯದವರ ಸಾಲಕ್ಕೆ ಜೊತೆ ಸಹಿ ಹಾಕುವುದು.* ಸಂಘದ ಕಾರ್ಯಕ್ರಮದಲ್ಲಿ ಸಿಕ್ಕವರು, ಒಂದೇ ಊರಿನವರು ಎಂಬ ಮುಲಾಜಿಗೆ ಹಾಕಿದ ಸಹಿ, ನಾಳೆ ನಿಮ್ಮ ಸ್ವಂತ ಮಾರ್ಟ್‌ಗೇಜ್ ಅರ್ಜಿಯಲ್ಲಿ ನಿಮ್ಮದೇ ಸಾಲವಾಗಿ ಕಾಣುತ್ತದೆ.

*ಮುಂಗಡ ಶುಲ್ಕ ಕೊಡುವುದು.* ಸಾಲ ಮಂಜೂರಾಗಿದೆ, ಮೊದಲು ವಿಮೆ ಶುಲ್ಕ ಇ-ಟ್ರಾನ್ಸ್‌ಫರ್ ಮಾಡಿ ಎಂದು ಕರೆ ಬಂದರೆ ಅದು ಮೋಸ. ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲೇ ಬಂದ ಮಾತ್ರಕ್ಕೆ ನಂಬಬೇಡಿ.

*ಕೊನೆಯ ಕೆಲಸ ಮರೆಯುವುದು.* ಹಳೆ ಮನೆ ಕ್ಲೋಸ್ ಆದ ಮೇಲೆ ಬ್ರಿಜ್ ಸಾಲ ಶೂನ್ಯವಾಗಿದೆ ಎಂಬ ಪತ್ರ ಪಡೆಯಿರಿ. ಹಳೆಯ ಹೆಲಾಕ್ ಇದ್ದರೆ ಅದು ಮುಚ್ಚಿದೆಯೇ, ಅಡಮಾನ ನೋಂದಣಿ ರದ್ದಾಗಿದೆಯೇ ಎಂದು ಲಾಯರ್ ಕಡೆಯಿಂದ ಖಾತ್ರಿ ಮಾಡಿಕೊಳ್ಳಿ.

ಸಾಲವಿಲ್ಲದೆ ಆಗುವುದಾದರೆ

ಬ್ರಿಜ್ ಕೇಳುವ ಮೊದಲು ಮೂರು ದಾರಿ ನೋಡಿ. ಒಂದು, ಹೊಸ ಮನೆಯವರನ್ನು ಕ್ಲೋಸಿಂಗ್ ಮುಂದಕ್ಕೆ ಹಾಕಲು ಕೇಳುವುದು. ಖಾಲಿ ಮನೆಯಾದರೆ ಒಪ್ಪುವ ಸಾಧ್ಯತೆ ಇದೆ. ಎರಡು, ಹಳೆ ಮನೆ ಕೊಂಡವರನ್ನು ಬೇಗ ಕ್ಲೋಸ್ ಮಾಡಲು ಕೇಳಿ, ಅವರಿಗೇ ಬಾಡಿಗೆ ಕೊಟ್ಟು ಕೆಲವು ವಾರ ಅಲ್ಲೇ ಉಳಿಯುವುದು. ಮೂರು, ಈಗಾಗಲೇ ಇರುವ ಹೆಲಾಕ್‌ನಿಂದ ಕೆಲವು ವಾರಕ್ಕೆ ಹಣ ತೆಗೆಯುವುದು. ಹೆಲಾಕ್ ಮನೆಯ ಬೆಲೆಯ 65% ಮೀರುವಂತಿಲ್ಲ. ಮಾರ್ಟ್‌ಗೇಜ್ ಸೇರಿ 80%. ಆದರೆ ಬಡ್ಡಿ ಬ್ರಿಜ್‌ಗಿಂತ ಕಡಿಮೆ, ಶುಲ್ಕವೂ ಇಲ್ಲ.

ಇವು ಯಾವುವೂ ಆಗದೆ, ಹಳೆ ಮನೆ ಮಾರಾಟ ಫರ್ಮ್ ಆಗಿ, ಎರಡೂ ತಾರೀಖು ಕಾಗದದ ಮೇಲಿದ್ದರೆ ಬ್ಯಾಂಕಿನ ಬ್ರಿಜ್ ಲೋನ್ ಧೈರ್ಯವಾಗಿ ತೆಗೆದುಕೊಳ್ಳಿ. ಮಾರಾಟದ ಒಪ್ಪಂದ ಇನ್ನೂ ಕೈಗೆ ಬಂದಿಲ್ಲವಾದರೆ ಮಾತ್ರ ಎಷ್ಟೇ ಸುಂದರ ಮನೆ ಸಿಕ್ಕರೂ, ಎಷ್ಟೇ ಬೇಗ ಹಣ ಕೊಡುತ್ತೇವೆಂದರೂ ಸಹಿ ಹಾಕಬೇಡಿ. ಮನೆಗಳು ಮತ್ತೆ ಪಟ್ಟಿಗೆ ಬರುತ್ತವೆ. ಹೋದ ಡೆಪಾಸಿಟ್ ಬರುವುದಿಲ್ಲ.